ನೂರಕ್ಕೆ ಇಪ್ಪತ್ತು ಸುಳ್ಳು

ಫಕೀರವ್ವ ಬಲಕ್ಕೆ ಕತ್ತು ಹೊರಳಿಸಿ ನೋಡಿ ಏಳು ತಿಂಗಳಾಗಿತ್ತು. ಬಲಗಡೆಯಿಂದ ಯಾರಾದರೂ ಕರೆದರೆ ಕಂಬ ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದಳು. ಬೇರೆ ಯಾರಿಗಾದರೂ ಇದು ಹೇಗೋ ಸಾಗಿಸಬಹುದಾದ ತೊಂದರೆ. ಆದರೆ ಫಕೀರವ್ವ ಬಸ್ಸಿನ ಡ್ರೈವರು. ಗದಗ–ಡಂಬಳ–ಮುಂಡರಗಿ ದಾರಿಯಲ್ಲಿ ನಾಲ್ಕು ವರ್ಷ ಬಸ್ಸು ಓಡಿಸಿದವಳು, ಆ ಡಿಪೊದಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು. ಬಲಗಡೆಯ ಕನ್ನಡಿ ನೋಡಲಾಗದ ಡ್ರೈವರ್ ಕೈಗೆ ಯಾರು ಬಸ್ಸು ಕೊಡುತ್ತಾರೆ?

ಅಪಘಾತವೂ ದೊಡ್ಡದೇನಲ್ಲ. ಡಂಬಳದ ಕೆರೆಯ ತಿರುವಿನಲ್ಲಿ ಎಮ್ಮೆಯೊಂದು ಏಕಾಏಕಿ ರಸ್ತೆಗೆ ಬಂತು. ಅವಳು ಬ್ರೇಕ್ ಒತ್ತಿದಳು. ಬಸ್ಸು ಪಕ್ಕದ ತಗ್ಗಿಗೆ ಇಳಿದು ನಿಂತಿತು. ಒಳಗಿದ್ದ ನಲವತ್ತೊಂದು ಜನಕ್ಕೆ ಏನೂ ಆಗಲಿಲ್ಲ, ಎಮ್ಮೆಗೂ ಆಗಲಿಲ್ಲ. ಫಕೀರವ್ವನ ಕತ್ತು ಮಾತ್ರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಜೋರಾಗಿ ಹೊಯ್ದಾಡಿತು. ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. ಎಲುಬು ಸರಿಯಾಗಿದೆ, ನರ ಸರಿಯಾಗಿದೆ, ಆರು ವಾರದಲ್ಲಿ ವಾಸಿಯಾಗುತ್ತದೆ ಎಂದರು. ಆರು ವಾರ ಹೋಗಿ ಏಳು ತಿಂಗಳಾದರೂ ಕತ್ತು ಬಲಕ್ಕೆ ಸ್ವಲ್ಪ ಹೊರಳಿದ ಕೂಡಲೇ ಕಿವಿಯ ಹಿಂದಿನಿಂದ ಭುಜದವರೆಗೆ ಕಾದ ಸರಳು ಎಳೆದಂತಾಗುತ್ತಿತ್ತು.

ಅವಳಿಗೆ ಡಿಪೊದ ಗೇಟಿನಲ್ಲಿ ಕೂತು ಬಂದ ಬಸ್ಸು, ಹೋದ ಬಸ್ಸುಗಳ ನಂಬರು ಬರೆದುಕೊಳ್ಳುವ ಕೆಲಸ ಕೊಟ್ಟಿದ್ದರು. ಗೇಟು ದಾಟುವಾಗ ಒಬ್ಬ ಡ್ರೈವರು ಇನ್ನೊಬ್ಬನಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು: "ಎಕ್ಸ್‌ರೇ ಫೋಟೋದಾಗ ಏನೂ ಇಲ್ಲಂತ. ಆರಾಮ ಡ್ಯೂಟಿ ಬೇಕಾಗಿತ್ತು, ಸಿಕ್ತು."

ಆ ಮಾತು ಕತ್ತಿನ ನೋವಿಗಿಂತ ಹೆಚ್ಚು ದಿನ ಉಳಿಯುವಂಥದ್ದು. ಜೂನ್ ಇಪ್ಪತ್ನಾಲ್ಕಕ್ಕೆ ಮತ್ತೆ ಪರೀಕ್ಷೆ ಇತ್ತು. ಅವತ್ತು ಕತ್ತು ಬಲಕ್ಕೆ ಅರವತ್ತು ಡಿಗ್ರಿ ತಿರುಗಬೇಕು, ಬಸ್ಸನ್ನು ಹಿಂದಕ್ಕೆ ತೆಗೆದು ತೋರಿಸಬೇಕು. ಆಗದಿದ್ದರೆ ಗೇಟೇ ಕಾಯಂ.

*

ಮುಂಡರಗಿ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಮೆಹಜಬೀನ ನದಾಫ ಅವಳಿಗೆ 'ಸಂಧಿ'ಯನ್ನು ಪರಿಚಯಿಸಿದ್ದು ಏಪ್ರಿಲ್‌ನಲ್ಲಿ. ಧಾರವಾಡದ ಒಂದು ಹಳೆಯ ಬಂಗಲೆಯ ಮೇಲಂತಸ್ತಿನಿಂದ ನಡೆಯುತ್ತಿದ್ದ ಜಾಲತಾಣ ಅದು. ಕತ್ತು, ಸೊಂಟ, ಮೊಣಕಾಲು, ಭುಜ ಹಿಡಿದುಕೊಂಡವರಿಗೆಲ್ಲ ಅಲ್ಲಿ ಒಂದೊಂದು ಪುಟ. ಏನು ಮಾಡಬೇಕು, ಯಾವಾಗ ಹೆದರಬೇಕು, ಯಾವಾಗ ಹೆದರಬೇಕಿಲ್ಲ ಎಂದು ಸರಳವಾಗಿ ಹೇಳುತ್ತಿತ್ತು. ರೋಗಿಗೆ ಒಂದು ಪುಟ, ಚಿಕಿತ್ಸೆ ಕೊಡುವವರಿಗೆ ಇನ್ನೊಂದು. ಮುಂಡರಗಿಯಂಥ ಊರಿನ ಒಬ್ಬಳೇ ಫಿಸಿಯೋಥೆರಪಿಸ್ಟ್‌ಗೆ ಇಡೀ ತಾಲ್ಲೂಕಿನ ಕೀಲುಗಳನ್ನು ಕೂತಲ್ಲೇ ನೋಡಲು ಸಾಧ್ಯವಾದದ್ದು ಅದರಿಂದ.

ಕತ್ತಿನವರಿಗೆ ಸಂಧಿ ಒಂದು ದಪ್ಪ ಕನ್ನಡಕವನ್ನೂ ಕೊಡುತ್ತಿತ್ತು. ಹಾಕಿಕೊಂಡರೆ ಹೊರಗಿನದು ಏನೂ ಕಾಣದು. ಒಳಗೆ ಒಂದು ಲೋಕ ತೆರೆದುಕೊಳ್ಳುತ್ತದೆ. ತಲೆ ತಿರುಗಿಸಿದಷ್ಟೂ ಆ ಲೋಕ ತಿರುಗುತ್ತದೆ. ತಲೆಯ ಹಿಂದಿನ ಪಟ್ಟಿಯಲ್ಲಿದ್ದ ಸಣ್ಣ ಬಿಲ್ಲೆಯೊಂದು ಕತ್ತು ನಿಜವಾಗಿ ಎಷ್ಟು ಡಿಗ್ರಿ ಹೊರಳಿತು ಎಂದು ಅಳೆದು ಧಾರವಾಡಕ್ಕೆ ಕಳಿಸುತ್ತದೆ. ನೋವು ಬಂದ ಕೂಡಲೇ ಒತ್ತಲು ಕೈಯಲ್ಲಿ ಒಂದು ಗುಂಡಿಯೂ ಇರುತ್ತದೆ. ಯಾವ ಲೋಕ ಬೇಕೆಂದು ರೋಗಿಯೇ ಆರಿಸಬಹುದಿತ್ತು. ಹೆಚ್ಚಿನವರು ಸಮುದ್ರ ಆರಿಸುತ್ತಿದ್ದರು. ಫಕೀರವ್ವ ಹಟ ಹಿಡಿದು ಡ್ರೈವರ್ ಸೀಟು ಕೇಳಿದ್ದಳು. ಸಂಧಿಯವರು ಒಂದು ಬಸ್ಸಿನಲ್ಲಿ ಕ್ಯಾಮೆರಾ ಕಟ್ಟಿ ಅವಳ ದಾರಿಯನ್ನೇ ಚಿತ್ರಿಸಿ ಹಾಕಿದ್ದರು. ದೂರಕ್ಕೆ ಕಪ್ಪತಗುಡ್ಡದ ಗಾಳಿಯಂತ್ರಗಳು, ಹತ್ತಿರಕ್ಕೆ ಸೂರ್ಯಕಾಂತಿಯ ಹೊಲ, ಬಲಗಡೆ ಕನ್ನಡಿ.

ಮನೆಯಲ್ಲಿ ಅವಳು ಕನ್ನಡಕ ಹಾಕಿ ಕೂತರೆ ಎದುರಿಗೆ ಅತ್ತೆ ಕಲ್ಲವ್ವ ಕಾಳು ಆರಿಸುತ್ತ ಕಾವಲು ಕೂರುತ್ತಿದ್ದಳು.

"ಎಲ್ಲಿಗೆ ಬಂದಿ?"

"ಪಾಪನಾಶಿ ದಾಟೀನಿ, ಅತ್ತಿ."

"ಕುಂತಲ್ಲೇ ಗದಗ ಮುಟ್ಟೂ ಚಾಳೀಸ ಮಾಡ್ಯಾರ, ಕತ್ತ ಹೊಳ್ಳೂ ಮಾತ್ರಿ ಮಾಡೂದ ಆಗಲಿಲ್ಲ ಅವರಿಗೆ," ಎಂದು ಕಲ್ಲವ್ವ ಗೊಣಗುತ್ತಿದ್ದಳು. ಆದರೂ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಆ ಕನ್ನಡಕವನ್ನು ಸೀರೆಯ ಸೆರಗಿನಿಂದ ಒರೆಸಿ ಸೊಸೆಯ ಕೈಗೆ ಕೊಡುವವಳು ಅವಳೇ.

ಎರಡು ತಿಂಗಳಲ್ಲಿ ಕತ್ತು ಇಪ್ಪತ್ತೇಳರಿಂದ ಮೂವತ್ತೆರಡಕ್ಕೆ ಬಂದಿತ್ತು. ಅಷ್ಟೆ.

*

ಜೂನ್ ಹನ್ನೆರಡರ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಧಾರವಾಡದ ಸಂಧಿಯ ಕಚೇರಿಗೆ ಫೋನು ಬಂತು. ಗೋಡೆಯಗಲದ ಪರದೆಯ ಮೇಲೆ ರಾಜ್ಯದ ನಕ್ಷೆ, ಅದರಲ್ಲಿ ಮಿನುಗುವ ಸಾವಿರಾರು ಚುಕ್ಕೆಗಳು. ಆ ಹೊತ್ತಿನಲ್ಲಿ ವ್ಯಾಯಾಮ ಮಾಡುತ್ತಿದ್ದ ಒಬ್ಬೊಬ್ಬರಿಗೆ ಒಂದೊಂದು. ಫೋನೆತ್ತಿದವನು ಸುಮಂತ ಅಗಡಿ. ಕನ್ನಡಕದ ಒಳಗಿನ ಲೋಕಗಳನ್ನೆಲ್ಲ ನಡೆಸುವ ಪ್ರೋಗ್ರಾಮು ಅವನದು.

"ಸರ್, ಮುಂಡರಗಿಯಿಂದ ಮೆಹಜಬೀನ. ನಿಮ್ಮ ಯಂತ್ರ ತಪ್ಪು ತೋರಸಾಕತ್ತೈತ್ರಿ."

"ಏನಾತ್ರಿ ಮೇಡಂ?"

"ಫಕೀರವ್ವ ಅಂತ ನಮ್ಮ ಪೇಷಂಟು. ಇವತ್ತ ಆಸ್ಪತ್ರಿಯೊಳಗ ಕೂಡ್ರಿಸಿ ಮಾಡಿಸಿದೆ. ಕನ್ನಡಕದಾಗ ಅವರಿಗೆ ಮೂವತ್ತಾರು ಡಿಗ್ರಿ ಅಂತ ಕಾಣ್ತದ. ನನ್ನ ಪುಟದಾಗ ನಲವತ್ತೈದು ಅಂತದ. ಎರಡರಾಗ ಒಂದ ಸುಳ್ಳಿರಬೇಕಲ್ರಿ?"

"ನಿಮ್ಮ ಪುಟದ್ದ ತಪ್ಪಿರಬೇಕು. ಬಿಲ್ಲೆ ಸಡಲಾಗಿರಬೇಕು," ಎಂದ ಸುಮಂತ.

"ನಾನೂ ಹಂಗ ತಿಳದೆ. ಅದಕ್ಕ ಕೋನಮಾಪಕ ಹಿಡದ ಅಳದೆ. ನಲವತ್ತೈದು. ಮೂರ ಸಲ ಅಳದೆ, ಮೂರೂ ಸಲ ನಲವತ್ತೈದು." ಅವಳ ದನಿ ಏರಿತು. "ಸರ್, ಏಳ ತಿಂಗಳಾತು ಅವರ ಕತ್ತು ಮೂವತ್ತೆರಡರ ಮ್ಯಾಲೆ ಹೋಗಿಲ್ಲ. ಕನ್ನಡಕ ತಗದ ಕೂಡ್ಲೆ ಮತ್ತ ಮೂವತ್ತೆರಡಕ್ಕ ನಿಂತ ಬಿಡ್ತು. ಹಾಕಿದ್ರ ನಲವತ್ತೈದು. ಏನಿದು?"

ಸುಮಂತ ಫೋನನ್ನು ಹಿಡಿದುಕೊಂಡೇ ಕಂಪ್ಯೂಟರಿನ ಮುಂದೆ ಕೂತ. ಒಂಬತ್ತು ದಿನದ ಹಿಂದೆ ಅವನೇ ಒಂದು ಬದಲಾವಣೆ ಮಾಡಿದ್ದ. ಕೆಲವರಿಗೆ ಕನ್ನಡಕದಲ್ಲಿ ತಲೆ ಸುತ್ತುತ್ತದೆಂಬ ದೂರು ಇತ್ತು. ತಲೆ ತೀರಾ ಜೋರಾಗಿ ತಿರುಗಿದಾಗ ಮಾತ್ರ ಒಳಗಿನ ಲೋಕ ತುಸು ನಿಧಾನವಾಗಿ ತಿರುಗಲಿ ಎಂದು ಒಂದು ಸಾಲು ಬರೆದಿದ್ದ. ಈಗ ಆ ಸಾಲನ್ನು ತೆರೆದು ಮತ್ತೊಮ್ಮೆ ಓದಿದ. ಹಳೆಯ ಮಾದರಿಯ ಕನ್ನಡಕಗಳಲ್ಲಿ ಆ ಸಾಲು ಜೋರಾಗಿ ತಿರುಗಿದಾಗ ಮಾತ್ರವಲ್ಲ, ಯಾವಾಗಲೂ ಕೆಲಸ ಮಾಡುತ್ತಿತ್ತು. ಕತ್ತು ಹತ್ತು ಡಿಗ್ರಿ ಹೊರಳಿದರೆ ಕಣ್ಣಿಗೆ ಎಂಟು ಡಿಗ್ರಿಯಷ್ಟೇ ಕಾಣುತ್ತಿತ್ತು. ಹಳೆಯ ಕನ್ನಡಕಗಳು ಇದ್ದದ್ದು ಮೂರು ತಾಲ್ಲೂಕುಗಳಲ್ಲಿ, ಇನ್ನೂರ ಹನ್ನೆರಡು ಜನರ ಹತ್ತಿರ. ಅಷ್ಟೂ ಜನಕ್ಕೆ ಒಂಬತ್ತು ದಿನಗಳಿಂದ ಸಂಧಿ ನೂರಕ್ಕೆ ಇಪ್ಪತ್ತರಷ್ಟು ಸುಳ್ಳು ಹೇಳಿತ್ತು.

"ಮೇಡಂ, ಆಮ್ಯಾಲೆ ಮಾಡ್ತೇನ್ರಿ," ಎಂದು ಫೋನಿಟ್ಟು ಡಾ. ಇಂದುಮತಿ ಹಂಚಿನಾಳರ ಕೋಣೆಗೆ ಓಡಿದ. ಅವರು ನೋವಿನ ಮೇಲೆಯೇ ಮೂವತ್ತು ವರ್ಷ ಸಂಶೋಧನೆ ಮಾಡಿದವರು, ಸಂಧಿಯನ್ನು ಕಟ್ಟಿದವರು. ಸುಮಂತ ತಪ್ಪನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ, "ಈಗಿಂದೀಗ ಸರಿ ಮಾಡ್ತೇನ್ರಿ ಮೇಡಂ," ಎಂದು ತಿರುಗಿದ.

"ನಿಲ್ಲು!" ಇಂದುಮತಿ ಕುರ್ಚಿಯಿಂದ ಎದ್ದೇಬಿಟ್ಟರು. "ಕೀಬೋರ್ಡಿಗೆ ಕೈ ಹಚ್ಚಬ್ಯಾಡ. ಆ ಇನ್ನೂರ ಹನ್ನೆರಡು ಮಂದಿಯ ನಿಜವಾದ ಅಳತಿ ಅದ ಏನು ನಮ್ಮ ಹತ್ರ? ಬಿಲ್ಲೆಯಿಂದ ಬಂದದ್ದು?"

"ಅದರೀ. ಒಂಬತ್ತು ದಿನದ್ದೂ ಅದ."

"ಪರದೆ ಮ್ಯಾಲೆ ಹಾಕು."

ಹಾಕಿದ. ಹೊಸ ಕನ್ನಡಕದ ಮೂರು ಸಾವಿರ ಜನರ ಗೆರೆ ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತಿತ್ತು. ಇನ್ನೂರ ಹನ್ನೆರಡು ಜನರ ಗೆರೆ ಮೂರನೆಯ ತಾರೀಖಿಗೆ ಸಟ್ಟನೆ ಮೇಲಕ್ಕೆ ಎದ್ದಿತ್ತು, ಎದ್ದು ಏರುತ್ತಲೇ ಹೋಗಿತ್ತು. ಕಚೇರಿಯಲ್ಲಿದ್ದವರೆಲ್ಲ ಬಂದು ಪರದೆಯ ಮುಂದೆ ನಿಂತರು. ಯಾರೋ ಗುಂಡಿ ಒತ್ತಿ ಗೆರೆಗಳನ್ನು ಬೇರೆ ಮಾಡಿದರು: ಒಬ್ಬ ಗೌಂಡಿ, ಒಬ್ಬಳು ಬೀಡಿ ಕಟ್ಟುವಾಕೆ, ಒಬ್ಬ ಶಾಲಾ ಮಾಸ್ತರ, ಒಬ್ಬಳು ಡ್ರೈವರು. ಎಲ್ಲರದೂ ಅಲ್ಲ, ಆದರೆ ಹತ್ತರಲ್ಲಿ ಏಳು ಜನರದು ಅದೇ ನೆಗೆತ.

"ನೋಡು, ನೋಡಿಲ್ಲಿ," ಇಂದುಮತಿಯವರ ಬೆರಳು ಗೆರೆಯ ಮೇಲೆ ಓಡಾಡಿತು. "ನೋವು ಬಂದಾಗ ಇವರೆಲ್ಲ ಗುಂಡಿ ಒತ್ತತಾರ ಹೌದಲ್ಲೊ? ಒತ್ತಿದ್ದು ಎಲ್ಲಿ? ಕತ್ತು ಮೂವತ್ತಕ್ಕ ಹೋದಾಗಲ್ಲ. ಮೂವತ್ತಕ್ಕ ಹೋದೆ ಅಂತ ಕಣ್ಣು ಹೇಳಿದಾಗ! ಕತ್ತು ಆಗಲೇ ಮೂವತ್ತೇಳೂವರಿ ದಾಟಿತ್ತು, ಸುಮ್ಮನಿತ್ತು. ಕತ್ತಿನ ಲೆಕ್ಕದ ಮ್ಯಾಲೆ ಅಲ್ಲೊ ನೋವು ಬರೂದು, ಕಣ್ಣಿನ ಲೆಕ್ಕದ ಮ್ಯಾಲೆ! ಸಣ್ಣ ಪ್ರಯೋಗದಾಗ ಒಂದೀಟು ಕಂಡಿದ್ದು ನಾ ಓದಿದ್ದೆ, ಹಿಂಗ, ದಿನಾ ಮನಿಯೊಳಗ, ಇಷ್ಟು ಮಂದಿಗೆ..." ಚಹಾ ತಂದವರು ಬಾಗಿಲಲ್ಲೇ ನಿಂತಿದ್ದರು. ಇಂದುಮತಿ ಲೋಟ ಇಸಿದುಕೊಂಡು ಕುಡಿಯದೆ ಕಿಟಕಿಯ ಮೇಲಿಟ್ಟರು. ಹತ್ತು ನಿಮಿಷದ ಹಿಂದೆ ಸುಮಂತ ತನ್ನ ಕೆಲಸ ಹೋಯಿತೆಂದುಕೊಂಡಿದ್ದ.

ಮಧ್ಯಾಹ್ನ ಮೆಹಜಬೀನಳನ್ನೂ ವಿಡಿಯೋದಲ್ಲಿ ಸೇರಿಸಿಕೊಂಡು ಮೂವರೂ ಕೂತರು. ಪ್ರಶ್ನೆ ಸಣ್ಣದಾಗಿರಲಿಲ್ಲ. ರೋಗಿಗಳಿಗೆ ಹೇಳಬೇಕೇ?

"ನೈತಿಕ ಸಮಿತಿಗೆ ಇವತ್ತ ಬರೀತೇನಿ," ಎಂದರು ಇಂದುಮತಿ. "ಆದ್ರ ನನ್ನ ಅಂಜಿಕಿ ಹೇಳಿ ಬಿಡ್ತೇನಿ. ಸುಳ್ಳು ಅಂತ ಗೊತ್ತಾದ ಕೂಡ್ಲೆ ಇದರ ಶಕ್ತಿ ಹೋದರ? ಇನ್ನೂರ ಹನ್ನೆರಡು ಮಂದಿ ಮತ್ತ ಮೊದಲಿನ ಜಾಗಕ್ಕ ಬಂದರ?"

ಸುಮಂತ ಹೇಳಿದ: "ನಾ ತಪ್ಪು ಮಾಡಿದ್ದು ತಿಳೀದ ಮಾಡಿದ್ದು. ನಾಳೆಯಿಂದ ಅದನ್ನ ಇಟ್ಟರ, ತಿಳದ ಮಾಡಿದ್ದು ಆಗ್ತದ್ರಿ."

ಮೆಹಜಬೀನ ಪರದೆಯ ಹತ್ತಿರಕ್ಕೆ ಸರಿದಳು. "ಫಕೀರವ್ವಾರ ಪರೀಕ್ಷಾ ಇಪ್ಪತ್ನಾಲ್ಕಕ್ಕ ಐತ್ರಿ. ಸುಮ್ಮನಿದ್ದರ ಪಾಸ್ ಆಗಬಹುದು, ಹೇಳಿದ್ರ ಫೇಲ್ ಆಗಬಹುದು, ನನಗೂ ಗೊತ್ತೈತಿ. ಆದ್ರ ದಿನಾ ಅವರ ಮುಖಾ ನೋಡಾಕಿ ನಾನು. ಇಂಥಾದ್ದು ಹೊಟ್ಟಿಯೊಳಗ ಇಟ್ಕೊಂಡು ಅವರ ಕತ್ತಿಗೆ ಕೈ ಹಚ್ಚಾಕ ನನ್ನ ಕಡೆ ಆಗೂದಿಲ್ಲ. ನಾ ಇವತ್ತ ಹೋಗಿ ಹೇಳ್ತೇನ್ರಿ."

ಇಂದುಮತಿ ಪರದೆಯ ಮೇಲಿನ ಗೆರೆಯನ್ನು ಒಮ್ಮೆ ನೋಡಿದರು. "ಹೋಗಿ ಬರ್ರಿ," ಎಂದರು.

*

ಫಕೀರವ್ವನ ಮನೆ ಹಳೆಯ ಬಸ್‌ಸ್ಟ್ಯಾಂಡಿನ ಹಿಂದೆ. ಮುಂದಿನ ಕೋಣೆಯಲ್ಲಿ ಅವಳ ಗಂಡ ಮುದಕಪ್ಪನ ಹೊಲಿಗೆ ಯಂತ್ರ. ಸಂಜೆ ಐದಕ್ಕೆ ಮೆಹಜಬೀನ ಬಂದಾಗ ಕಲ್ಲವ್ವ ಚಾಪೆ ಹಾಸಿ, "ಬರ್ರೆವ್ವಾ, ಕುಂದರ್ರಿ," ಎಂದು ನೀರು ಕೊಟ್ಟಳು. ಫಕೀರವ್ವನ ಮುಖದಲ್ಲಿ ಹಲವು ತಿಂಗಳಿಂದ ಇಲ್ಲದ ಗೆಲುವಿತ್ತು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಮೆಹಜಬೀನ ಮತ್ತೆ ಮತ್ತೆ ಅಳೆದದ್ದು ಅವಳಿಗೆ ಏನೋ ಒಳ್ಳೆಯದೇ ಎನಿಸಿತ್ತು.

ಮೆಹಜಬೀನ ಸುತ್ತಿ ಬಳಸಲಿಲ್ಲ. ಕನ್ನಡಕ ಕಡಿಮೆ ತೋರಿಸುತ್ತಿತ್ತು, ಕತ್ತು ಅದಕ್ಕಿಂತ ಹೆಚ್ಚು ತಿರುಗುತ್ತಿತ್ತು, ನೋವು ಕಣ್ಣಿನ ಮಾತು ಕೇಳಿ ಬರುತ್ತಿತ್ತು ಎಂದು ನೇರವಾಗಿ ಹೇಳಿದಳು. ಫಕೀರವ್ವನ ಗೆಲುವು ನೋಡನೋಡುತ್ತಿದ್ದಂತೆ ಇಳಿದುಹೋಯಿತು.

"ಅಂದ್ರ ನನ್ನ ನೋವು ಸುಳ್ಳ ಅಂತೀರಿ."

"ಇಲ್ಲಕ್ಕಾ. ನಾ ಹಂಗ ಅನ್ನಲಿಲ್ಲ."

"ಮತ್ತ ಹ್ಯಾಂಗ ಅಂದ್ರಿ? ಕತ್ತ ಹೊಳ್ಳತೈತಿ, ನೀ ಹೊಳ್ಳೂದಿಲ್ಲ ಅಂತ ತಿಳಕೊಂಡಿ, ಅದಕ್ಕ ನೋಯಿತೈತಿ. ಇಷ್ಟ ಅಲ್ಲೇನು?" ಅವಳು ಎದ್ದು ನಿಂತಳು. "ಡಿಪೊದಾಗ ಅಂದ್ರು. ನಮ್ಮ ಬೀಗರು ಅಂದ್ರು. ಕಡೀಕ ನೀವೂ ಅದನ್ನ ಅಂದ್ರಿ. ಇಷ್ಟ ದಿವಸ ನೀವೊಬ್ಬಾಕಿ ಖರೆ ಅಂತ ನಂಬೀರಿ ಅನ್ಕೊಂಡಿದ್ದೆ."

"ಅಕ್ಕಾ, ಒಂದ ಮಾತ ಕೇಳ್ರಿ. ನಿಮ್ಮ ಬಸ್ಸಿನೊಳಗ ಬಾಗಿಲ ಬಜರ್ ಇರತದಲ್ಲ, ಒಮ್ಮೊಮ್ಮೆ ಬಾಗಿಲ ಮುಚ್ಚಿದ್ರೂ ಕಿರ್ ಅಂತ ಹೊಡಕೋತದ. ಆ ಸಪ್ಪಳ ಸುಳ್ಳೇನು? ಕಿವಿ ಹರದು ಹೋಗೂವಂಗ ಕೇಳ್ತದ. ಆದ್ರ ಬಾಗಿಲ ಮುಚ್ಚೈತಿ. ನಿಮ್ಮ ನೋವು ಖರೆ. ಕತ್ತೂ ಗಟ್ಟಿ ಐತಿ. ಎರಡೂ ಖರೆ."

"ಹೋಗಿ ಬರ್ರಿ ಮೇಡಂ," ಎಂದಳು ಫಕೀರವ್ವ. ಕನ್ನಡಕವನ್ನು ಎತ್ತಿ ಮೆಹಜಬೀನಳ ಚೀಲದ ಮೇಲಿಟ್ಟಳು. ಮೆಹಜಬೀನ ಅದನ್ನು ತೆಗೆದುಕೊಳ್ಳದೆ ಚಾಪೆಯ ಮೇಲೇ ಬಿಟ್ಟು, ಕಣ್ಣು ತುಂಬಿಕೊಂಡು ಹೊರಟುಹೋದಳು.

ಮರುದಿನ ಹತ್ತು ಗಂಟೆಗೆ ಕಲ್ಲವ್ವ ಕನ್ನಡಕ ಒರೆಸಲಿಲ್ಲ. ಫಕೀರವ್ವನಿಗೆ ಅವತ್ತು ವಾರದ ರಜೆ. ಒಳಗೆ ಗೋಡೆಗೆ ಒರಗಿ ಕೂತವಳ ತಲೆಯಲ್ಲಿ ಬಜರಿನ ಮಾತೇ ಸುತ್ತುತ್ತಿತ್ತು. ಎಷ್ಟೋ ಸಲ ಆ ಬಜರು ಹೊಡೆದುಕೊಂಡಾಗ ಅವಳೇ ಇಳಿದು ಹೋಗಿ ಬಾಗಿಲನ್ನು ಕೈಯಿಂದ ಜಗ್ಗಿ ನೋಡಿದ್ದಳು. ಯಾರ ಮಾತಿನ ಮೇಲೂ ಬಸ್ಸು ಬಿಟ್ಟವಳಲ್ಲ.

"ಏನ್ರಿ," ಎಂದು ಗಂಡನನ್ನು ಕರೆದಳು. "ಮಿಷಿನ್ ಬಿಟ್ಟು ಒಳಗ ಬರ್ರಿ. ಸೀಮೆಸುಣ್ಣ ತರ್ರಿ. ಆ ಸಣ್ಣ ಬ್ಯಾಟರೀನೂ ತರ್ರಿ."

ಮುದಕಪ್ಪ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಪೆನ್ನಿನಷ್ಟು ಸಣ್ಣ ಬ್ಯಾಟರಿ ತಂದ. ಅವಳು ಹೇಳಿದಂತೆ ಕಿಟಕಿ ಮುಚ್ಚಿ, ಬ್ಯಾಟರಿಯನ್ನು ಎಲಾಸ್ಟಿಕ್ ಪಟ್ಟಿಯಿಂದ ಅವಳ ಹಣೆಯ ನಡುವೆ ಕಟ್ಟಿದ. ಬೆಳಕು ಎದುರು ಗೋಡೆಯ ಮೇಲೆ ಚುಕ್ಕೆಯಾಗಿ ಬಿತ್ತು. ಫಕೀರವ್ವ ಬೆನ್ನು ನೆಟ್ಟಗೆ ಮಾಡಿ ಕೂತು ಬಲಕ್ಕೆ ಕತ್ತು ಹೊರಳಿಸಿದಳು. ಚುಕ್ಕೆ ಗೋಡೆಯ ಮೇಲೆ ಸರಿಯಿತು, ಕಾದ ಸರಳು ಎಳೆದ ಕೂಡಲೇ ನಿಂತಿತು.

"ಗುರ್ತ ಹಾಕ್ರಿ."

ಮುದಕಪ್ಪ ಅಲ್ಲಿ ಒಂದು ಬಿಳಿ ಗೆರೆ ಎಳೆದ.

"ಈಗ ಚಾಳೀಸ ಹಾಕ್ರಿ ನನಗ. ಬ್ಯಾಟರಿ ಅದರ ಮ್ಯಾಲೆ ಕಟ್ರಿ."

ಕನ್ನಡಕದೊಳಗೆ ಪಾಪನಾಶಿಯ ರಸ್ತೆ ತೆರೆದುಕೊಂಡಿತು. ಅವಳಿಗೆ ಈಗ ಗೊತ್ತು, ಇದು ಕಡಿಮೆ ತೋರಿಸುತ್ತದೆ. ಗೊತ್ತಿದ್ದೇ ಹೊರಳಿಸಿದಳು. ಗಾಳಿಯಂತ್ರಗಳು ಸರಿದವು, ಸೂರ್ಯಕಾಂತಿ ಸರಿಯಿತು, ಕನ್ನಡಿಯ ಅಂಚು ಕಂಡಿತು. ನೋವು ಬಂತು.

"ಗುರ್ತ ಹಾಕ್ರಿ."

ಸೀಮೆಸುಣ್ಣ ಗೋಡೆಗೆ ಉಜ್ಜಿದ ಸದ್ದು ಕೇಳಿತು.

"ಹಾಕಿದ್ರೇನ್ರಿ?"

"ಫಕೀರಿ," ಎಂದಳು ಕಲ್ಲವ್ವ. "ಅದನ್ನ ತಗದ ನೋಡ ನೀ."

ಕನ್ನಡಕ ತೆಗೆದಳು. ಎರಡು ಬಿಳಿ ಗೆರೆಗಳ ನಡುವೆ ಒಂದೂವರೆ ಮೊಳ ಅಂತರವಿತ್ತು. ಮೊದಲ ಗೆರೆ ದೇವರ ಗೂಡಿನ ಹತ್ತಿರ. ಎರಡನೆಯದು ಅದನ್ನು ದಾಟಿ, ಕ್ಯಾಲೆಂಡರ್ ದಾಟಿ, ಬಾಗಿಲ ಚೌಕಟ್ಟಿಗೆ ಹತ್ತಿತ್ತು.

"ನಾನ ಹೊಳ್ಳಿಸಿದ್ನೇನ್ರಿ ಅಲ್ಲೀತನಕ? ನೀವು ಹಿಡದ ತಿರುವಲಿಲ್ಲ ಹೌದಿಲ್ಲೊ?"

"ನಾ ಮುಟ್ಟೇ ಇಲ್ಲ," ಎಂದ ಮುದಕಪ್ಪ. ಸೀಮೆಸುಣ್ಣ ಅವನ ಕೈಯಲ್ಲಿ ಪುಡಿಯಾಗಿತ್ತು.

ಫಕೀರವ್ವ ಎದ್ದು ಹೋಗಿ ಎರಡನೆಯ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮತ್ತೆ ಬಂದು ಕೂತು, ಬ್ಯಾಟರಿಯನ್ನು ಹಣೆಗೆ ಕಟ್ಟಿಸಿಕೊಂಡು, ಕನ್ನಡಕವಿಲ್ಲದೆ, ಕಣ್ಣು ತೆರೆದುಕೊಂಡು ಆ ಗೆರೆಯನ್ನೇ ನೋಡುತ್ತ ಕತ್ತು ಹೊರಳಿಸಿದಳು. ದೇವರ ಗೂಡಿನ ಬಳಿ ನೋವು ಬಂತು. ಅವಳು ನಿಲ್ಲಲಿಲ್ಲ. "ಬಾಗಿಲ ಮುಚ್ಚೈತಿ," ಎಂದು ತನಗೇ ಹೇಳಿಕೊಂಡಳು. ಚುಕ್ಕೆ ಇನ್ನೊಂದು ಗೇಣು ಮುಂದೆ ಹೋಯಿತು. ಎರಡನೆಯ ಗೆರೆಯನ್ನು ಮುಟ್ಟಲಿಲ್ಲ, ಆದರೆ ಮೊದಲನೆಯದು ಹಿಂದೆ ಉಳಿದಿತ್ತು. ಬೆವರು ಕಿತ್ತುಬಂದಿತ್ತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಮುದಕಪ್ಪನಿಗೆ ತಿಳಿಯಲಿಲ್ಲ.

*

ಅವತ್ತು ಮಧ್ಯಾಹ್ನ ಸಂಧಿಯ ಕಚೇರಿಗೆ ಬಂದ ಫೋನನ್ನು ಸುಮಂತ ಜನ್ಮದಲ್ಲಿ ಮರೆಯುವಂತಿಲ್ಲ.

"ಸುಳ್ಳ ಹೇಳೂ ಚಾಳೀಸ ಮಾಡಿದವರು ನೀವ ಏನ್ರಿ?"

ಸುಮಂತ ಸ್ಪೀಕರ್ ಹಾಕಿದ. "ಹೌದ್ರಿ. ತಪ್ಪಾತು, ಕ್ಷಮಾ—"

"ತಪ್ಪಿನ ಮಾತ ಆಮ್ಯಾಲೆ ಆಡೂಣು. ಆ ಸುಳ್ಳ ಕಡಿಮಿ-ಹೆಚ್ಚ ಮಾಡಾಕ ಬರತೈತೇನು?"

"ಬರ್ತದ್ರಿ. ಒಂದ ಅಂಕಿ ಬದಲಿ ಮಾಡಿದ್ರ ಆತು."

"ಹಂಗಾರ ಅದರ ತಿರಗಣಿ ನನ್ನ ಕೈಯಾಗ ಕೊಡ್ರಿ. ಎಷ್ಟ ಸುಳ್ಳ ಬೇಕು ನಾ ಹೇಳ್ತೀನಿ. ಇವತ್ತ ಇಪ್ಪತ್ತ ಇಡ್ತೀನಿ, ನಾಳೆ ಹದಿನೆಂಟ ಮಾಡ್ತೀನಿ. ಹೊಳ್ಳಿಸಿ ಮುಗದ ಮ್ಯಾಲೆ ಕತ್ತ ಖರೆ ಎಲ್ಲಿಗೆ ಹೋಗಿತ್ತು, ಅದನ್ನೂ ತೋರಸ್ರಿ. ಮೇಡಂ ಪುಟದಾಗ ಏನ ಕಾಣತೈತಿ, ನನ್ನ ಪುಟದಾಗೂ ಅದ ಕಾಣಬೇಕು. ನನ್ನ ಕತ್ತಿನ ಸುದ್ದಿ ನನಗ ಕಡೀಕ ಯಾಕ ತಿಳೀಬೇಕ್ರಿ?"

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಇಂದುಮತಿ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡರು. ಮೂವತ್ತು ವರ್ಷ ಸಂಶೋಧನೆ ಮಾಡಿದವರಿಗೆ ಹೊಳೆಯದ್ದು ಇದು. ಸುಳ್ಳನ್ನು ಮುಚ್ಚಿಡಬೇಕೋ ಬಿಚ್ಚಿಡಬೇಕೋ ಎಂದು ಅವರು ಒದ್ದಾಡುತ್ತಿದ್ದರೆ, ಈ ಹೆಂಗಸು ಅದರ ಹಿಡಿಕೆಯನ್ನೇ ಕೇಳುತ್ತಿದ್ದಳು. "ಗೊತ್ತಿದ್ದೂ ನಲವತ್ತೈದಕ್ಕ ಹೋಯ್ತೇನ್ರಿ ನಿಮ್ಮ ಕತ್ತು?" ಎಂದು ಅವರು ಕೂಗಿ ಕೇಳಿದರು.

"ಗ್ವಾಡಿ ಮ್ಯಾಲೆ ಗುರ್ತ ಐತ್ರಿ. ಬಂದ ನೋಡ್ರಿ ಬೇಕಾರ."

ಸುಮಂತ ಅವತ್ತೇ ಕೂತು ಬರೆದ. ಪರದೆಯ ಕೆಳಗೆ ಒಂದು ಉದ್ದ ಗೆರೆ, ಬೆರಳಿನಿಂದ ಸರಿಸುವ ಒಂದು ಗುಂಡಿ. ಎಡಕ್ಕೆ ಎಳೆದರೆ ಸುಳ್ಳು ಸೊನ್ನೆ, ಬಲಕ್ಕೆ ಎಳೆದರೆ ಇಪ್ಪತ್ತೈದು. ಇಂದುಮತಿ ಅದರ ಪಕ್ಕದಲ್ಲಿ ಎರಡು ಎಚ್ಚರಿಕೆ ಹಾಕಿಸಿದರು: ಎಲುಬು ಮುರಿದವರಿಗೆ, ಕೈಕಾಲು ಜೋಮು ಹಿಡಿದವರಿಗೆ ಇದು ಅಲ್ಲ, ಮತ್ತು ಫಿಸಿಯೋಥೆರಪಿಸ್ಟ್ ನೋಡಿ ಒಪ್ಪಿದ ಮೇಲೆಯೇ ಇದು ತೆರೆಯುತ್ತದೆ. ಶನಿವಾರ ಸಮಿತಿ ಒಪ್ಪಿಗೆ ಕೊಟ್ಟಿತು. ಇನ್ನೂರ ಹನ್ನೆರಡು ಜನಕ್ಕೂ ನಡೆದದ್ದನ್ನು ಬಿಡಿಸಿ ಬರೆದು ಕ್ಷಮೆ ಕೇಳಿದರು. ಮೂವತ್ತೊಂದು ಜನ ಸಿಟ್ಟಾಗಿ ಕನ್ನಡಕ ವಾಪಸು ಕಳಿಸಿದರು. ಉಳಿದವರು ಗುಂಡಿಯನ್ನು ಕೈಗೆ ತೆಗೆದುಕೊಂಡರು. ಕೆಲವರ ಕತ್ತು ಸ್ವಲ್ಪ ಹಿಂದಕ್ಕೆ ಬಂತು. ಹೆಚ್ಚಿನವರದು ಬರಲಿಲ್ಲ. ಎರಡು ದಿನ ನಿಂತಿದ್ದ ಗೆರೆ ಸೋಮವಾರ ಮತ್ತೆ ಏರತೊಡಗಿತು. ಇಂದುಮತಿ ಆ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತವರು ಊಟಕ್ಕೂ ಏಳಲಿಲ್ಲ.

ಶನಿವಾರ ಸಂಜೆಯೇ ಫಕೀರವ್ವ ಆಸ್ಪತ್ರೆಗೆ ಹೋಗಿದ್ದಳು. ಮೆಹಜಬೀನ ಅವಳನ್ನು ಕಂಡು ಕುರ್ಚಿಯಿಂದ ಎದ್ದಳು.

"ಅವತ್ತ ನಾ ಹಂಗ ಅನ್ನಬಾರದಾಗಿತ್ತು ಮೇಡಂ," ಎಂದಳು ಫಕೀರವ್ವ. "ನೀವು ಹೇಳಲಿಲ್ಲ ಅಂದ್ರ ನನಗ ಏನೂ ತಿಳೀತಿರಲಿಲ್ಲ. ತಗೋರ್ರಿ, ಅಳೀರಿ."

"ಕೂಡ್ರಿ ಅಕ್ಕಾ," ಎಂದಳು ಮೆಹಜಬೀನ. ಡ್ರಾಯರಿನಿಂದ ಕೋನಮಾಪಕ ತೆಗೆದು ಅವಳ ನೆತ್ತಿಯ ಮೇಲಿಟ್ಟಳು.

ಆಮೇಲಿನ ಒಂಬತ್ತು ದಿನ ಇಬ್ಬರಿಗೂ ಹಬ್ಬದಂತೆ ಕಳೆದವು. ಡ್ಯೂಟಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಸುಳ್ಳು ಇಪ್ಪತ್ತು ಇದ್ದಾಗ ಐವತ್ತೊಂದು. ಹದಿನೈದಕ್ಕೆ ಇಳಿಸಿದರೂ ಐವತ್ತೊಂದು. ಹತ್ತಕ್ಕೆ ಇಳಿಸಿದ ದಿನ ನಲವತ್ತೇಳಕ್ಕೆ ಬಿದ್ದು ಫಕೀರವ್ವ ಕನ್ನಡಕವನ್ನು ಬಯ್ದಳು. ಮೆಹಜಬೀನ ಅವಳ ಭುಜ ಒತ್ತಿ, ಉಸಿರು ಬಿಡುವುದನ್ನು ಕಲಿಸಿ, ಮತ್ತೆ ಹನ್ನೆರಡಕ್ಕೆ ಏರಿಸಿದಳು. ಐವತ್ತಮೂರು. ಐವತ್ತೇಳು. ಮನೆಯ ಗೋಡೆಯ ಮೇಲೆ ಬಿಳಿ ಗೆರೆಗಳು ಚೌಕಟ್ಟು ದಾಟಿ ಪಕ್ಕದ ಗೋಡೆಗೆ ಹತ್ತಿದವು. ಬಂದವರಿಗೆಲ್ಲ ಕಲ್ಲವ್ವ ಅವನ್ನು ತೋರಿಸಿ, "ಮುಟ್ಟಬ್ಯಾಡ್ರಿ, ಅಳಿಸೀತು," ಎನ್ನುತ್ತಿದ್ದಳು. ಇಪ್ಪತ್ತೆರಡನೆಯ ತಾರೀಖು ಸುಳ್ಳು ಸೊನ್ನೆಗೆ ಬಂತು. ಕತ್ತು ಐವತ್ತೆಂಟರಲ್ಲಿತ್ತು.

"ಇನ್ನ ಎರಡ," ಎಂದಳು ಫಕೀರವ್ವ.

*

ಇಪ್ಪತ್ನಾಲ್ಕರ ಬೆಳಿಗ್ಗೆ ಒಂಬತ್ತಕ್ಕೆ ಡಿಪೊದ ಅಂಗಳದಲ್ಲಿ ಪರೀಕ್ಷೆ. ವೈದ್ಯರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಅಳೆದರು. ಅರವತ್ತೊಂದು. ಅವರು ಹಳೆಯ ಹಾಳೆ ತಿರುವಿ ನೋಡಿದರು, ಅದರಲ್ಲಿ ಇಪ್ಪತ್ತೇಳು ಎಂದಿತ್ತು. ಮತ್ತೊಮ್ಮೆ ಅಳೆದರು.

"ನೋವು ಐತೇನ್ರಿ?"

"ಐತ್ರಿ ಸರ್. ಮೊದಲಿನಷ್ಟಿಲ್ಲ. ಬರತೈತಿ, ಹೋಗತೈತಿ. ನಾ ಅದಕ್ಕ ಅಂಜೂದು ಬಿಟ್ಟೀನಿ."

ಮೆಹಜಬೀನ ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅವಳ ಫೋನಿನ ವಿಡಿಯೋದಲ್ಲಿ ಧಾರವಾಡದ ಕಚೇರಿ, ಅದರಲ್ಲಿ ಸುಮಂತನ ಮುಖ ಅರ್ಧ, ಇಂದುಮತಿಯವರದು ಅರ್ಧ. ಅಂಗಳದ ಸುತ್ತ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಕೆಲಸ ಬಿಟ್ಟು ಬಂದು ನಿಂತಿದ್ದರು.

ಫಕೀರವ್ವ ಬಸ್ಸಿನ ಮೆಟ್ಟಿಲು ಹತ್ತಿದಳು. ಏಳು ತಿಂಗಳ ಮೇಲೆ ಸೀಟು ಸರಿಮಾಡಿಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ಎರಡು ಸಾಲು ಡ್ರಮ್ಮುಗಳ ನಡುವಿನ ಓಣಿಗೆ ಬಸ್ಸನ್ನು ಹಿಂದಕ್ಕೆ ತೆಗೆಯಬೇಕಿತ್ತು. ಎರಡೂ ಕಡೆ ಒಂದೊಂದು ಮೊಳ ಜಾಗ. ಗದ್ದವನ್ನು ಬಲಗಡೆಯ ಕಿಟಕಿಯತ್ತ ತಿರುಗಿಸಿದಳು. ಕನ್ನಡಿ ಕಂಡಿತು, ಕನ್ನಡಿ ದಾಟಿ ಹಿಂದಿನ ಗಾಲಿ ಕಂಡಿತು, ಗಾಲಿ ದಾಟಿ ಡ್ರಮ್ಮಿನ ಅಂಚು ಕಂಡಿತು. ಕಿವಿಯ ಹಿಂದೆ ನೋವು ಚುರುಕ್ಕೆಂದಿತು. ಅವಳು ಉಸಿರು ಬಿಟ್ಟಳು, ಕತ್ತನ್ನು ಅಲ್ಲೇ ಇಟ್ಟಳು. ಬಸ್ಸು ಮೆಲ್ಲಗೆ ಹಿಂದಕ್ಕೆ ಸರಿಯಿತು. ಒಂದು ಡ್ರಮ್ಮು, ಎರಡು, ಮೂರು, ನಾಲ್ಕು. ಯಾವುದೂ ಅಲುಗಲಿಲ್ಲ.

ಅಂಗಳದಲ್ಲಿ ಶಿಳ್ಳೆ ಬಿತ್ತು. ಮೆಹಜಬೀನ ಫೋನನ್ನು ತಲೆಯ ಮೇಲೆತ್ತಿ ಹಿಡಿದು ಕುಣಿಯತೊಡಗಿದ್ದರಿಂದ ಧಾರವಾಡದವರಿಗೆ ಆಕಾಶವಷ್ಟೇ ಕಂಡಿತು. "ಏನಾತು? ಹೇಳ್ರಿ, ಏನಾತು?" ಎಂದು ಇಂದುಮತಿ ಕೂಗುತ್ತಿದ್ದುದು ಎಲ್ಲರಿಗೂ ಕೇಳಿಸುತ್ತಿತ್ತು.

ಪರೀಕ್ಷಕರು ಕೈಯೆತ್ತಿ ಬಸ್ಸಿನ ಹತ್ತಿರ ಬಂದರು. "ಸಾಕ್ರಿ, ಆತು. ಪಾಸ್ ಆದ್ರಿ. ಇಳೀರಿ."

ಫಕೀರವ್ವ ಸ್ಟೇರಿಂಗ್ ಬಿಡಲಿಲ್ಲ. ಬಲಕ್ಕೆ ಕತ್ತು ಹೊರಳಿಸಿ, ಕಿಟಕಿಯಿಂದ ಅವರ ಮುಖವನ್ನೇ ನೋಡಿ ಕೇಳಿದಳು:

"ಸರ್, ಇನ್ನೊಂದ ಸಲ ಹಿಂದಕ್ಕ ತಗೊಳ್ಳಲೇನ್ರಿ?"